ಬಿತ್ತದೆ ಉಳಿದ ದೇವಮೂಲೆ

ಆಗೆಲ್ಲ ನಮ್ಮ ಕಡೆ ಮುಂಗಾರು ಬಂತೆಂದು ತಿಳಿಯಲು ಮುಗಿಲು ನೋಡಬೇಕಾಗಿರಲಿಲ್ಲ. ಮದ್ದಿಕೇರದ ರಸ್ತೆಯಲ್ಲಿ ಓಡಾಡುವ ಜೀಪುಗಳನ್ನು ನೋಡಿದರೆ ಸಾಕಿತ್ತು. ಮೊದಲ ದೊಡ್ಡ ಮಳೆ ಬಿದ್ದ ಮಾರನೆಯ ಬೆಳಗ್ಗೆ ಆ ಜೀಪುಗಳ ಒಳಗೆ, ಮೇಲೆ, ಹಿಂದಿನ ಕಂಬಿಗೆ ಜೋತುಬಿದ್ದು ಜನ ಬರುತ್ತಿದ್ದರು. ಕೈಯಲ್ಲಿ ಬುತ್ತಿಗಂಟು, ಹೆಗಲ ಮೇಲೆ ಮಡಿಸಿದ ಕಂಬಳಿ, ಕೆಲವರ ತೋಳಲ್ಲಿ ನಿದ್ದೆಗಣ್ಣಿನ ಮಕ್ಕಳು. ಅವರೆಲ್ಲ ಬರುತ್ತಿದ್ದುದು ನಮ್ಮ ಹೊಲಗಳಲ್ಲಿ ವಜ್ರ ಹುಡುಕಲು.

ದೂರದವರಿಗೆ ಇದು ಕಟ್ಟುಕಥೆ ಎನಿಸಬಹುದು. ಕರ್ನೂಲು ಜಿಲ್ಲೆಯ ಪಶ್ಚಿಮದ ಕೆಂಪು ಹೊಲಗಳಲ್ಲಿ ಮಳೆ ಮಣ್ಣು ತೊಳೆದಾಗ ಎಲ್ಲೋ ಒಮ್ಮೆ ವಜ್ರವೊಂದು ಮೇಲೆ ಬರುವುದು ನಿಜ. ಹುಡುಕಲು ಬಂದವರಲ್ಲಿ ಬಹುತೇಕರು ಬರಿಗೈಯಲ್ಲಿ ಜೀಪು ಹತ್ತುವುದೂ ನಿಜ. ಎರಡನ್ನೂ ನಾನು ಚಿಕ್ಕಂದಿನಿಂದ ಕಂಡಿದ್ದೇನೆ.

ನಮ್ಮ ಮನೆ ಆದೋನಿಯಲ್ಲಿತ್ತು. ಅಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿದ್ದರು. ಬೇಸಿಗೆ ರಜೆ ಬಂದರೆ ಅವ್ವ ನನ್ನನ್ನು ಕರೆದುಕೊಂಡು ತವರಿಗೆ ಹೊರಡುತ್ತಿದ್ದಳು. ಗುಂತಕಲ್ಲಿನವರೆಗೆ ರೈಲು, ಅಲ್ಲಿಂದ ಬಸ್ಸು, ಬಸ್ಸು ಇಳಿದ ಮೇಲೆ ಬೇವಿನ ಸಾಲಿನ ಕೆಳಗೆ ನಡಿಗೆ. ಕೆಳಗೆ ಬಿದ್ದ ಬೇವಿನ ಹಣ್ಣು ಕಾಲಡಿ ಒಡೆದು ಒಂದು ಸಿಹಿಕಹಿ ವಾಸನೆ ಏಳುತ್ತಿತ್ತು. ಆ ವಾಸನೆ ಬಂತೆಂದರೆ ಅಜ್ಜನ ಊರು ಬಂತೆಂದು ಲೆಕ್ಕ. ಶಾಲೆಯಲ್ಲಿ ತೆಲುಗು ಓದುತ್ತಿದ್ದ ನನಗೆ ಅಲ್ಲಿ ಹೋದ ಮೇಲೆ ನಾಲಿಗೆ ತಾನೇ ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು. ಹೊಲದಲ್ಲಿ ಮಾತ್ರ ಎರಡೂ ಬೇಕಿತ್ತು. ಅನಂತಪುರದ ಕಡೆಯವರು "ಏಮ್ಮಾ, ಏಮನ್ನಾ ದೊರಿಕಿಂದಾ?" ಎಂದು ಕೂಗಿದರೆ, ನಮ್ಮವರು "ಸಿಕ್ಕಿದ್ರ ನಿನ್ನ ಮುಂದ ಯಾಕ ಹೇಳ್ಲಿ" ಎಂದು ಕನ್ನಡದಲ್ಲೇ ತಿರುಗಿಸಿ ಕೊಡುತ್ತಿದ್ದರು. ಅವರೂ ನಗುತ್ತಿದ್ದರು.

ಅಜ್ಜನ ಹೊಲ ಮಲ್ಲಯ್ಯನ ಗುಡ್ಡದ ಬುಡದಲ್ಲಿತ್ತು. ಗುಡ್ಡದ ನೆತ್ತಿಯಲ್ಲಿ ಮಲ್ಲಯ್ಯನ ಸಣ್ಣ ಗುಡಿ. ಗುಡ್ಡದ ಮೇಲಿನ ಕಲ್ಲೆಲ್ಲ ಮಲ್ಲಯ್ಯನದು, ನೀರು ಹೊತ್ತು ತಂದದ್ದು ಮಾತ್ರ ಮನುಷ್ಯರದು ಎಂದು ಊರಲ್ಲಿ ನಂಬಿಕೆ. ಬುಡದಲ್ಲಿ ಸುಣ್ಣ ಬಳಿದ ಕಲ್ಲುಗಳ ಸಾಲೊಂದಿತ್ತು. ವಜ್ರಕ್ಕಾಗಿ ಎಷ್ಟು ದೂರದಿಂದ ಬಂದವರೂ ಆ ಸಾಲು ದಾಟುತ್ತಿರಲಿಲ್ಲ. ಗುಡ್ಡದಿಂದ ಇಳಿದ ವಂಕ, ಅಂದರೆ ಮಳೆ ಬಂದಾಗಷ್ಟೇ ಹರಿಯುವ ಹಳ್ಳ, ಅಜ್ಜನ ಹೊಲದ ಈಶಾನ್ಯ ಮೂಲೆಯಲ್ಲಿ ತಿರುಗಿ ಮುಂದೆ ಹೋಗುತ್ತಿತ್ತು. ತಿರುಗುವಾಗ ತಂದ ಸಣ್ಣಕಲ್ಲಿನ ಗರಸನ್ನೆಲ್ಲ ಅಲ್ಲಿ ಬಿಟ್ಟು ಹೋಗುತ್ತಿತ್ತು. ಹಾಗಾಗಿ ಹುಡುಕುವವರ ಕಣ್ಣು ಮೊದಲು ಬೀಳುತ್ತಿದ್ದುದು ಆ ಮೂಲೆಗೆ.

ಅದೇ ಮೂಲೆಯನ್ನು ನಮ್ಮವರು ದೇವಮೂಲೆ ಎನ್ನುತ್ತಿದ್ದರು. ಬಿತ್ತನೆಯ ಕೂರಿಗೆಯನ್ನು ಅಲ್ಲಿಂದಲೇ ಹಿಡಿಯಬೇಕು, ಮೊದಲ ಹಿಡಿ ಶೇಂಗಾ ಬೀಜ ಅಲ್ಲಿಯೇ ಮಣ್ಣಿಗೆ ಬೀಳಬೇಕು. ಕೂರಿಗೆ ಇಳಿಯುವ ತನಕ ಹೊಲ ಎಲ್ಲರದು; ಯಾರು ಬೇಕಾದರೂ ಬಂದು ಹುಡುಕಬಹುದು. ಬಿತ್ತುವ ಹಿಂದಿನ ಸಂಜೆ ಒಕ್ಕಲಿಗ ದೇವಮೂಲೆಯ ಗಡಿಕಲ್ಲಿಗೆ ಒಂದು ಬೇವಿನ ಟೊಂಗೆ ಕಟ್ಟುತ್ತಿದ್ದ. ಅದನ್ನು ಕಂಡವರು ಮಾತಿಲ್ಲದೆ ಮುಂದಿನ ಹೊಲಕ್ಕೆ ಹೋಗುತ್ತಿದ್ದರು. ಕಲ್ಲು ಸಿಕ್ಕಿದರೆ ಸಿಕ್ಕವರದು, ಆದರೆ ಹೊಲದವನಿಗೆ ತಿಳಿಸಬೇಕು, ಅವನ ಪಾಲು ಕೊಡಬೇಕು. ಬಚ್ಚಿಟ್ಟರೆ ಅದು ಕಳವು. ಇವಿಷ್ಟು ಎಲ್ಲಿಯೂ ಬರೆದಿಟ್ಟದ್ದಲ್ಲ. ಪೊಲೀಸರು ಬಂದು ನಿಲ್ಲಬೇಕಾದ ಜಗಳ ನನ್ನ ನೆನಪಿನಲ್ಲಿ ಒಂದೂ ಆಗಿರಲಿಲ್ಲ.

ಈ ವಿಷಯದಲ್ಲಿ ಅಜ್ಜನಷ್ಟು ಕಟ್ಟುನಿಟ್ಟಿನವನು ಊರಲ್ಲಿ ಇನ್ನೊಬ್ಬನಿರಲಿಲ್ಲ. ಹೊಲದ ತಂಟೆ ಬಂದರೆ ಜನ ಅವನ ಕಟ್ಟೆಗೆ ಬರುತ್ತಿದ್ದರು. ಈಗ ಹೇಳಲಿರುವ ಘಟನೆಯ ಹಿಂದಿನ ವರ್ಷ ಪಕ್ಕದ ಹೊಲದವನು ಅವಸರಕ್ಕೆ ಕೆಳಗಿನ ಮೂಲೆಯಿಂದ ಕೂರಿಗೆ ಹಿಡಿದಿದ್ದ. ಬೆಳೆ ಸರಿಯಾಗಿ ಬರದೆ ಹೋದಾಗ ಅಜ್ಜ ಅವನನ್ನು ಎಲ್ಲರೆದುರು ಕೂರಿಸಿ ಬೈದಿದ್ದ. ದೇವಮೂಲೆ ಬಿಟ್ಟವನಿಗೆ ಮಣ್ಣು ಹೇಗೆ ಕೈ ಹಿಡಿಯುತ್ತದೆ ಎಂದು ಕೇಳಿದ್ದ. ಆ ಮನುಷ್ಯ ತಲೆ ತಗ್ಗಿಸಿ ಎದ್ದು ಹೋದದ್ದು ನನಗೆ ನೆನಪಿದೆ.

ನಮ್ಮ ಆಟವೂ ಕಲ್ಲಿನ ಆಟವೇ. ಬೆಣಚುಕಲ್ಲು ಆರಿಸಿ ತಂದು ಕಡ್ಡಿಪೆಟ್ಟಿಗೆಯಲ್ಲಿ ತುಂಬುತ್ತಿದ್ದೆವು. ಒಂದೊಂದನ್ನೇ ಬಾಯಿಯ ಹತ್ತಿರ ಹಿಡಿದು ಹಾ ಎಂದು ಉಸಿರು ಬಿಡಬೇಕು. ಮಂಜು ಹಿಡಿದಂತಾಗಿ ಹಾಗೇ ನಿಂತರೆ ಅದು ಬರೀ ಬೆಣಚು. ತಕ್ಷಣ ಮಾಯವಾದರೆ ವಜ್ರ. ನಮ್ಮ ಕಲ್ಲುಗಳ ಮೇಲೆ ಮಂಜು ಯಾವಾಗಲೂ ನಿಂತೇ ಇರುತ್ತಿತ್ತು. ಸೋತವರು ಗೆದ್ದವರಿಗೆ ಹುರಿದ ಶೇಂಗಾ ಕೊಡಬೇಕೆಂಬ ಕರಾರು ಇದ್ದರೂ ಯಾರೂ ಗೆಲ್ಲದ ಕಾರಣ ಶೇಂಗಾ ಎಲ್ಲರೂ ತಿನ್ನುತ್ತಿದ್ದೆವು.

ಈ ಪರೀಕ್ಷೆ ನನಗೆ ಹೇಳಿಕೊಟ್ಟವಳು ಹುಲಿಗೆಮ್ಮ. ಚಿಪ್ಪಗಿರಿ ಕಡೆಯ ಒಂದು ಹಳ್ಳಿಯವಳು, ಕುರಿ ಸಾಕುವ ಮನೆಯವಳು. ಪ್ರತಿ ವರ್ಷ ಮೊದಲ ಮಳೆಗೆ ಒಬ್ಬಳೇ ಬಂದು ನಮ್ಮ ಹಿತ್ತಲಿನ ಹುಣಸೆಮರದ ಕೆಳಗೆ ಕಂಬಳಿ ಹಾಸುತ್ತಿದ್ದಳು. ಹಗಲೆಲ್ಲ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಕಡ್ಡಿಯಿಂದ ಗರಸು ಕೆದಕುವುದು, ಸಂಜೆ ಅಜ್ಜಿಯ ಜೊತೆ ಒಲೆಯ ಮುಂದೆ ಹರಟೆ. ಮನೆಯಲ್ಲಿ ಉಣ್ಣಲು ತೊಂದರೆಯಿದ್ದು ಬಂದವಳಲ್ಲ. ವರ್ಷಕ್ಕೊಮ್ಮೆ ಮನೆ ಬಿಟ್ಟು ಬರಲು ಅವಳಿಗೆ ಅದೊಂದು ನೆಪ ಎಂದು ನನಗೆ ಈಗ ಅನಿಸುತ್ತದೆ. ಗಂಡ ಏನೂ ಅನ್ನುವುದಿಲ್ಲವೇ ಎಂದು ಅಜ್ಜಿ ಕೇಳಿದರೆ, "ಅವ ಕುರಿ ಹಿಂದ ಹೋಗ್ಯಾನ, ನಾ ಕಲ್ಲಿನ ಹಿಂದ ಬಂದೀನಿ. ಯಾರು ಮೊದಲು ಮನಿಗೆ ಬರ್ತಾರೋ ಅವರು ಅಡಿಗಿ ಮಾಡಬೇಕು" ಎನ್ನುತ್ತಿದ್ದಳು. ಅಜ್ಜಿ ನಗುತ್ತ ರೊಟ್ಟಿ ತಟ್ಟುವುದನ್ನೇ ನಿಲ್ಲಿಸಿಬಿಡುತ್ತಿದ್ದಳು. ಹುಲಿಗೆಮ್ಮ ಅಜ್ಜನನ್ನು ಮಾವ ಎಂದೂ ಅಜ್ಜಿಯನ್ನು ಅತ್ತಿ ಎಂದೂ ಕರೆಯುತ್ತಿದ್ದಳು. ನಾನು ಅವಳನ್ನು ಅತ್ತಿ ಎನ್ನುತ್ತಿದ್ದೆ.

ನಾನು ಹೇಳಬೇಕೆಂದಿರುವ ವರ್ಷ ಮಳೆ ಚೆನ್ನಾಗಿಯೇ ಆರಂಭವಾಯಿತು. ಕೆಲವು ದಿನ ಹೊಲದ ತುಂಬ ಜನ. ಒಂದು ಸಂಜೆ ಹುಲಿಗೆಮ್ಮ ಮತ್ತು ನಾನು ದೇವಮೂಲೆಯಲ್ಲಿದ್ದೆವು. ಉಳಿದವರು ಅಡುಗೆ ಮಾಡಿಕೊಳ್ಳಲು ಹೋಗಿದ್ದರು. ಹೊತ್ತು ಇಳಿದು ಬಿಸಿಲು ನೆಲಕ್ಕೆ ಅಡ್ಡಡ್ಡ ಬೀಳುತ್ತಿತ್ತು. ಹುಲಿಗೆಮ್ಮ ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟು ಹಿಡಿದಳು. ಅವಳು ತೋರಿಸಿದ ಕಡೆ ಏನೋ ಮಿಂಚಿತು. ಅದು ಕಲ್ಲೋ, ಗಾಜಿನ ಚೂರೋ, ನೀರ ಹನಿಯೋ ಹೇಳಲಾರೆ. ಮಿಂಚಿದ್ದಂತೂ ನಿಜ. ನಾವು ಎದ್ದು ಎರಡು ಹೆಜ್ಜೆ ಇಡುವಷ್ಟರಲ್ಲಿ ಮೋಡ ಅಡ್ಡ ಬಂತು. ಗರಸೆಲ್ಲ ಒಂದೇ ಬಣ್ಣವಾಯಿತು. ಹುಲಿಗೆಮ್ಮ ತಲೆಯ ಮೇಲಿನ ಬಟ್ಟೆಯ ಸಿಂಬಿ ತೆಗೆದು ಅಂದಾಜಿನ ಜಾಗದಲ್ಲಿ ಇಟ್ಟಳು.

ಆಗಲೇ ಅಜ್ಜ ಬೇವಿನ ಟೊಂಗೆ ಹಿಡಿದು ಬಂದ.

"ನಾಳಿಗೆ ಬಿತ್ತತೀರೇನ್ರಿ ಮಾವಾ?"

"ಹದ ಐತಿ. ಬಿಟ್ರ ಆರಿಹೋಗತೈತಿ."

"ಈಗ ಇಲ್ಲೇ ಮಿಂಚಿತ್ರಿ. ಕೂಸೂ ನೋಡ್ಯಾಳ. ಮೋಡ ಬಂದು ಮುಚ್ಚಿಬಿಡ್ತು. ನಾಳೆ ಎಳೆಬಿಸಿಲು ಬೀಳೋ ತನಕ ಈ ಮೂಲಿ ಒಂದು ಬಿಡ್ರಿ. ಬಾಕಿ ಹೊಲ ಬಿತ್ಕೋತ ಬರ್ರಿ."

"ದೇವಮೂಲಿ ಬಿಟ್ಟು ಕೂರಿಗಿ ಎಲ್ಲಿಂದ ಹಿಡೀಲವ್ವಾ?"

"ಇಷ್ಟು ವರ್ಷದಾಗ ನಿಮ್ಮನ್ನ ಏನರ ಕೇಳೀನೇನು?"

ಅಜ್ಜ ಗುಡ್ಡದ ಕಡೆ ನೋಡುತ್ತ ನಿಂತ. ಟೊಂಗೆಯ ಎಲೆಗಳನ್ನು ಒಂದೊಂದಾಗಿ ಕಿತ್ತು ಹಾಕುತ್ತಿದ್ದ.

"ಆತು," ಎಂದ ಕೊನೆಗೆ. "ಕೆಳಗಿನ ಮೂಲಿಂದ ಹಿಡಿತೀನಿ. ಕೂರಿಗಿ ಇಲ್ಲಿಗೆ ಬರೋದ್ರಾಗ ನೀ ಎದ್ದು ಹೋಗಿರಬೇಕು. ನಾ ಬಿಟ್ಟೀನಿ ಅಂತ ಯಾರ ಮುಂದೂ ಆಡಬ್ಯಾಡ." ನನ್ನ ಕಡೆ ತಿರುಗಿ, "ನೀನೂ ಅಷ್ಟಾ" ಎಂದ.

ಉಳಿದ ಎಲೆಗಳ ಟೊಂಗೆಯನ್ನೇ ಗಡಿಕಲ್ಲಿಗೆ ಕಟ್ಟಿದ.

ಮಾರನೆಯ ಬೆಳಗ್ಗೆ ಬೀಜದ ಪೂಜೆಯ ಹೊತ್ತಿಗೆ ಅಜ್ಜ ಮನೆಯವರಿಗೂ ಆಳುಗಳಿಗೂ ಹೇಳಿದ್ದು ಬೇರೆ. ದೇವಮೂಲೆಯಲ್ಲಿ ನೀರು ನಿಂತಿದೆ, ಕೂರಿಗೆ ಹೂತುಕೊಳ್ಳುತ್ತದೆ, ಕೆಳಗಿನಿಂದ ಹಿಡಿಯಿರಿ ಎಂದ. ಅಜ್ಜಿಗೆ ಅದು ಸರಿ ಬರಲಿಲ್ಲ. ಅಜ್ಜ ಹೇಳಿದ ಮೇಲೆ ಮುಗಿಯಿತೆಂದು ಸುಮ್ಮನಾದಳು. ಬೇವಿನ ಟೊಂಗೆ ಕಂಡು ಹುಡುಕುವವರು ರಸ್ತೆಯಾಚೆಯ ಹೊಲಕ್ಕೆ ಹೋಗಿದ್ದರು. ಅಲ್ಲಿಂದ ಅವರಿಗೆ ಕಾಣುತ್ತಿದ್ದುದು ಇಷ್ಟು: ಟೊಂಗೆ ಕಟ್ಟಿದ ಹೊಲದಲ್ಲಿ ಒಬ್ಬಳೇ ಹೆಂಗಸು ಕೂತು ಹುಡುಕುತ್ತಿದ್ದಾಳೆ.

ಎಳೆಬಿಸಿಲು ಬೀಳಲಿಲ್ಲ. ಬೆಳಗ್ಗಿನಿಂದಲೇ ಮೋಡ. ಮಧ್ಯಾಹ್ನದ ಹೊತ್ತಿಗೆ ಕೂರಿಗೆ ದೇವಮೂಲೆಯನ್ನು ಇನ್ನೂ ಮುಟ್ಟಿರಲಿಲ್ಲ, ಮಳೆ ಹೊಡೆಯಿತು. ಆಳುಗಳು ಎತ್ತು ಬಿಚ್ಚಿಕೊಂಡು ಊರಿಗೆ ಓಡಿದರು. ಹುಲಿಗೆಮ್ಮನ ಊರಿಗೆ ಹೋಗಬೇಕಾದರೆ ವಂಕ ದಾಟಲೇಬೇಕು. ಏರಿದರೆ ಎರಡು ದಿನ ದಾರಿ ಇರುವುದಿಲ್ಲ. ಅವಳು ಹುಣಸೆಮರದ ಕೆಳಗಿಂದ ಕಂಬಳಿ ಎತ್ತಿ ತಲೆಯ ಮೇಲೆ ಗೊಪ್ಪೆ ಹಾಕಿಕೊಂಡಳು. ನಾನು ನೆನೆಯುತ್ತಲೇ ಓಡಿಹೋಗಿ ಸಿಕ್ಕಿತೇ ಎಂದು ಕೇಳಿದೆ. ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಕೆಂಪು ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಮಳೆಯಲ್ಲಿ ಅದೂ ತೊಳೆದು ಹೋಯಿತು. "ಮಲ್ಲಯ್ಯ ತೋರಿಸಿ ಒಳಗಿಟ್ಕೊಂಡ" ಎಂದು ನಕ್ಕು ಹೊರಟಳು.

ಮಳೆ ಬಿಟ್ಟ ಮೇಲೆ ಮಣ್ಣು ಹೆಪ್ಪುಗಟ್ಟಿತು. ಅಜ್ಜನ ಹತ್ತಿರ ಒಂದೇ ಎತ್ತು. ಬಿತ್ತನೆಯ ಜೋಡಿಯನ್ನು ಮುಯ್ಯಿಯಲ್ಲಿ ತರುತ್ತಿದ್ದರು, ಈ ದಿನ ನಿಮ್ಮ ಹೊಲ, ನಾಳೆ ನಮ್ಮ ಹೊಲ ಎಂಬಂತೆ. ಜೋಡಿ ಮುಂದಿನ ಹೊಲಕ್ಕೆ ಹೋಯಿತು. ದೇವಮೂಲೆ ಬಿತ್ತದೆ ಉಳಿಯಿತು. ಉಳಿದ ಹೊಲದಲ್ಲಿ ಶೇಂಗಾ ಎರಡೆಲೆ ಒಡೆದು ಹಸಿರಾದಾಗ ಆ ಮೂಲೆ ಹಲ್ಲು ಬಿದ್ದ ಬಾಯಿಯಂತೆ ರಸ್ತೆಗೇ ಕಾಣುತ್ತಿತ್ತು.

ವಜ್ರ ಸಿಗುವ ನೆಲದಲ್ಲಿ ಒಂದು ತುಂಡು ಭೂಮಿ ಬಿತ್ತದೆ ಬಿಟ್ಟರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ಅಜ್ಜನಿಗೆ ತಿಳಿಯದ್ದಲ್ಲ. ಅಲ್ಲಿ ಏನೋ ಸಿಕ್ಕಿದೆ, ಇನ್ನೂ ಸಿಗಬಹುದೆಂದು ಬಿಟ್ಟಿದ್ದಾರೆ. ಟೊಂಗೆ ಕಟ್ಟಿದ ಮೇಲೂ ಕೂತಿದ್ದ ಹೆಂಗಸು ಮಳೆಯಲ್ಲೇ ಅವಸರವಾಗಿ ವಂಕ ದಾಟಿದ್ದು ಇದಕ್ಕೆ ಸೇರಿಕೊಂಡಿತು. ಹೋಟೆಲಿನಲ್ಲಿ ಮಂಡಕ್ಕಿ ಉಗ್ಗಾಣಿ ತಿನ್ನುತ್ತ ಕೂತಿದ್ದ ನನ್ನ ಸೋದರಮಾವ ಈರಣ್ಣನನ್ನು ಕಲ್ಲು ಕೊಳ್ಳುವ ದಲ್ಲಾಳಿಯೊಬ್ಬ, ನಿಮ್ಮ ಮೂಲೆಯ ಕಲ್ಲು ಯಾರಿಗೆ ಕೊಟ್ಟಿರಿ ಎಂದು ಕೇಳಿದನಂತೆ. ಮಾವ ಉಗ್ಗಾಣಿಯ ತಟ್ಟೆ ಅಲ್ಲೇ ಬಿಟ್ಟು ಎದ್ದ. ಮನೆಗೆ ಬಂದವನು ಅಜ್ಜನ ಮುಂದೆ ಕೂಗಾಡಿದ. ಅಜ್ಜ ತಿರುಗಿ ಒಂದು ಮಾತು ಹೇಳಿದ್ದರೆ ಅಂದೇ ಮುಗಿಯುತ್ತಿತ್ತು. ನೀರು ನಿಂತಿತ್ತು ಎಂದಷ್ಟೇ ಹೇಳಿ ಎಮ್ಮೆಗೆ ಮೇವು ಹಾಕಲು ಎದ್ದ.

ಆ ವರ್ಷ ಮಿಲ್ಲಿನಲ್ಲಿ ರಜೆ ಸಿಗದೆ ಅಪ್ಪ ನಮ್ಮನ್ನು ಕರೆಯಲು ಬರುವುದು ತಡವಾಯಿತು. ಶಾಲೆ ತೆರೆದರೂ ನಾನು ಊರಲ್ಲೇ ಇದ್ದೆ. ಹಾಗಾಗಿ ಹುಲಿಗೆಮ್ಮ ತಿರುಗಿ ಬಂದದ್ದನ್ನು ನೋಡಿದೆ. ಮಧ್ಯಾಹ್ನ, ಎಲ್ಲರೂ ಊಟ ಮುಗಿಸಿ ಪಡಸಾಲೆಯಲ್ಲಿದ್ದರು. ಅಜ್ಜ ಕಂಬಕ್ಕೆ ಒರಗಿ ಕೂತಿದ್ದ, ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು, ನಾನು ಅವ್ವನ ಮಗ್ಗುಲಲ್ಲಿ. ಹೊರಗೆ ಕಟ್ಟೆಯ ಮೇಲೆ ಹೊತ್ತು ಕಳೆಯಲು ಕೂತಿದ್ದ ನಾಲ್ಕು ಜನ. ಹುಲಿಗೆಮ್ಮನ ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ಮನೆಯಲ್ಲಿ ಹಸು ಈದಿತ್ತು, ಗಿಣ್ಣ ಮಾಡಿ ತಂದಿದ್ದಳು.

"ತಗೋರಿ ಅತ್ತಿ. ಏಲಕ್ಕಿ ಹಾಕೀನಿ. ಕೂಸಿಗೆ ಮೊದಲು ಕೊಡ್ರಿ."

ಅಜ್ಜಿ ಕೈ ಚಾಚಲಿಲ್ಲ. ಈರಣ್ಣ ಮಾವ ಬಾಗಿಲಿಗೆ ಬಂದು ನಿಂತ.

"ಗಿಣ್ಣ ಇರ್ಲಿ ಅಕ್ಕಾ. ಮೂಲ್ಯಾಗ ಸಿಕ್ಕದ್ದು ಎಲ್ಲೈತಿ?"

"ಏನ್ ಸಿಕ್ತಪ್ಪಾ?" ಎಂದಳು. ಮಾವನ ಮುಖ ನೋಡಿ ಇನ್ನೂ ತಮಾಷೆಯೆಂದೇ ತಿಳಿದಳು. "ಸಿಕ್ಕಿದ್ರ ಇಷ್ಟೊತ್ತಿಗೆ ನನ್ನ ಮೂಗಿನ್ಯಾಗ ಇರ್ತಿತ್ತಲ್ಲ."

"ಟೊಂಗಿ ಕಟ್ಟಿದ ಮ್ಯಾಲೂ ಹೊಲದಾಗ ಕುಂತಿದ್ದಿ. ಊರೆಲ್ಲಾ ನೋಡೈತಿ. ಯಾರು ಕುಂದ್ರು ಅಂದಿದ್ರು ನಿನಗ?"

ಅವಳು ಅಜ್ಜನ ಕಡೆ ನೋಡಿದಳು. ಆಪಾದನೆಯ ನೋಟವಲ್ಲ ಅದು. ಹೇಳಬೇಕಾದವರು ಹೇಳುತ್ತಾರೆ ಎಂದು ಕಾಯುವ ನೋಟ. ಅಜ್ಜ ಕಾಲ ಬೆರಳು ನೋಡಿಕೊಳ್ಳುತ್ತಿದ್ದ. ಕಟ್ಟೆಯ ಮೇಲಿದ್ದವರು ಒಳಗೆ ಇಣುಕುತ್ತಿದ್ದರು. ಅವರಲ್ಲಿ ಹಿಂದಿನ ವರ್ಷ ಅಜ್ಜನಿಂದ ಬೈಸಿಕೊಂಡ ಪಕ್ಕದ ಹೊಲದವನೂ ಇದ್ದ.

ನಾನು ಹೇಳಿಬಿಟ್ಟೆ. "ಅಜ್ಜನಾ ಬಿಟ್ಟಾನ. ನಾನೂ ಇದ್ದೆ. ಮೂಲಿ ಬಿಡ್ತೀನಿ ಅಂದ."

ಅವ್ವ ನನ್ನ ತೊಡೆ ಒತ್ತಿ ಹಿಡಿದಳು. ಎಲ್ಲರೂ ಅಜ್ಜನ ಕಡೆ ತಿರುಗಿದರು. ಅಜ್ಜ ನನ್ನನ್ನು ನೋಡಿದ. ಅವನು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

"ಹುಡುಗಿ ಏನೋ ಕನಸು ಕಂಡಾಳ," ಎಂದ.

ಕಟ್ಟೆಯ ಮೇಲೆ ಯಾರೋ ನಕ್ಕರು. ಹುಲಿಗೆಮ್ಮ ಡಬ್ಬಿಯನ್ನು ಹೊಸಿಲ ಪಕ್ಕ ಇಟ್ಟಳು. ಅಜ್ಜ ಹೇಳಿದ್ದನ್ನು ಕೇಳಿದ ಮೇಲೆ ಅವಳು ಬಾಯಿ ಬಿಡಬಹುದಿತ್ತು. ನಾನು ಸಾಕ್ಷಿಯಿದ್ದೆ. ಬಾಯಿ ಬಿಡಲಿಲ್ಲ. ಸೊಂಟದ ಎಲೆಯಡಿಕೆ ಚೀಲ ತೆಗೆದು ಅಜ್ಜಿಯ ಮುಂದೆ ಇಟ್ಟಳು.

"ನೋಡ್ರಿ ಅತ್ತಿ. ನೀವಾ ನೋಡ್ರಿ."

ಅಜ್ಜಿ ನೋಡಿದಳು. ಚೀಲ ಸುರುವಿದಳು: ಎಲೆ, ಅಡಿಕೆ ಚೂರು, ತಂಬಾಕಿನ ಎಸಳು. ಆಮೇಲೆ ಇಬ್ಬರೂ ಒಳಕೋಣೆಗೆ ಹೋದರು. ಬಾಗಿಲು ಅರ್ಧ ತೆರೆದೇ ಇತ್ತು. ಅಜ್ಜಿ ಅವಳ ಸೆರಗಿನ ಗಂಟು ಬಿಚ್ಚಿ ಕೊಡವಿದ್ದು, ತುರುಬು ಬಿಚ್ಚಿಸಿ ಬೆರಳಾಡಿಸಿದ್ದು ಕಂಡಿತು. ವರ್ಷಗಟ್ಟಲೆ ಒಂದೇ ಒಲೆಯ ಮುಂದೆ ಕೂತು ನಕ್ಕ ಇಬ್ಬರು ಹೆಂಗಸರು. ಹುಲಿಗೆಮ್ಮ ಹೊರಗೆ ಬರುವಾಗ ಕೂದಲು ಇನ್ನೂ ಬೆನ್ನ ಮೇಲೆ ಹರಡಿತ್ತು. ಅಂಗಳದಲ್ಲಿ ಎಲ್ಲರೆದುರು ನಿಂತು ನಿಧಾನವಾಗಿ ತುರುಬು ಕಟ್ಟಿಕೊಂಡಳು. ಕಳ್ಳಿ ಎಂದು ಯಾರೂ ಅನ್ನಲಿಲ್ಲ. ಕಲ್ಲು ಸಿಗಲಿಲ್ಲವೆಂದರೆ ಮನೆಯಲ್ಲಿ ಬಚ್ಚಿಟ್ಟಿದ್ದಾಳೆ ಎಂದು ಮಾವ ಆಮೇಲೆ ಹೇಳಿದ, ಊರೂ ಒಪ್ಪಿತು.

ಡಬ್ಬಿ ಅಲ್ಲಿಯೇ ಉಳಿಯಿತು. ಸಂಜೆ ಅಜ್ಜಿ ಅದನ್ನು ತೆರೆದು ಗಿಣ್ಣ ಕತ್ತರಿಸಿ ಎಲ್ಲರಿಗೂ ಕೊಟ್ಟಳು. ಚೆಲ್ಲಲು ಮನಸ್ಸು ಬರಲಿಲ್ಲವೋ, ಇಲ್ಲ ಬೇರೇನೋ. ಅಜ್ಜ ತಿನ್ನಲಿಲ್ಲ. ನಾನು ತಿಂದೆ. ಬೆಲ್ಲ ಹದವಾಗಿತ್ತು, ಏಲಕ್ಕಿ ಘಮಘಮ ಅನ್ನುತ್ತಿತ್ತು. ಆ ರುಚಿ ಚೆನ್ನಾಗಿತ್ತೆಂದು ಬರೆಯುವುದು ಇಂದಿಗೂ ನನಗೆ ಕಷ್ಟವಾಗುತ್ತದೆ.

ಆ ವಯಸ್ಸಿನಲ್ಲಿ ನನಗೆ ತಪ್ಪಿತಸ್ಥಳು ನಾನೇ ಎನಿಸಿತ್ತು. ಆಡಬೇಡ ಎಂದು ಅಜ್ಜ ಹೇಳಿದ್ದ, ನಾನು ಆಡಿದೆ, ಜನರೆದುರು ಅವನ ತಲೆ ತಗ್ಗಿಸಿದೆ. ಉಳಿದ ದಿನ ಅವನ ಕಣ್ಣಿಗೆ ಬೀಳದಂತೆ ಓಡಾಡಿದೆ. ಅಪ್ಪ ಬಂದ ಮೇಲೆ ಅಜ್ಜ ನಮ್ಮನ್ನು ಗುಂತಕಲ್ಲಿನವರೆಗೆ ಬಿಡಲು ಬಂದ. ರೈಲು ಹೊರಡುವ ಮೊದಲು ಕಿಟಕಿಯ ಸರಳಿನ ಮೂಲಕ ಪೇರಲಹಣ್ಣಿನ ಪೊಟ್ಟಣ ಕೊಡುತ್ತ, ಅವ್ವನಿಗೂ ಅಪ್ಪನಿಗೂ ಕೇಳದಷ್ಟು ತಗ್ಗಿನ ದನಿಯಲ್ಲಿ, "ನೀ ಸುಳ್ಳು ಹೇಳಿಲ್ಲವ್ವಾ" ಎಂದ. ನನ್ನ ಎದೆ ಹಗುರಾಯಿತು. ಆ ಮಾತು ಸೇರಬೇಕಾದ ಜಾಗ ರೈಲಿನ ಕಿಟಕಿ ಅಲ್ಲವೆಂದು ತಿಳಿಯುವಷ್ಟು ನಾನು ದೊಡ್ಡವಳಾಗಿರಲಿಲ್ಲ.

ಮರುವರ್ಷ ಮೊದಲ ಮಳೆಗೆ ಹುಲಿಗೆಮ್ಮ ಬರಲಿಲ್ಲ. ಅಜ್ಜ ಗಡಿಕಲ್ಲಿಗೆ ಟೊಂಗೆ ಕಟ್ಟಲೂ ಇಲ್ಲ. ಸುತ್ತಲಿನ ಹೊಲಗಳಲ್ಲಿ ಬಿತ್ತನೆ ಮುಗಿಯುತ್ತ ಬಂತು. ಈರಣ್ಣ ಮಾವ ದಿನವೂ ಜಗಳ ತೆಗೆದ. ಎತ್ತಿಗೆ ಮೈ ಸರಿಯಿಲ್ಲ, ಇನ್ನೊಂದು ಮಳೆ ಬರಲಿ, ಬೀಜ ಒಣಗಿಲ್ಲ ಎಂದು ಅಜ್ಜ ಏನೇನೋ ಹೇಳಿದ. ಬೆಳಗ್ಗೆ ಹೋಗಿ ದೇವಮೂಲೆಯ ಬದುವಿನ ಮೇಲೆ ಕೂತು ವಂಕದಾಚೆಯ ದಾರಿ ನೋಡುತ್ತಿದ್ದ. ಹುಡುಕಲು ಬಂದವರಿಗೆ ಹಬ್ಬ. ಇಂಥ ದೊಡ್ಡ ಮನಸ್ಸಿನ ರೈತ ಇಲ್ಲ ಎಂದು ಹೊಗಳುತ್ತಿದ್ದರು. ಹದ ಆರಿತು. ಅಜ್ಜ ಬಿತ್ತಿದಾಗ ತಡವಾಗಿತ್ತು. ಆ ವರ್ಷ ಶೇಂಗಾ ಕಿತ್ತಾಗ ಬಳ್ಳಿಯಲ್ಲಿ ಕಾಯಿಗಿಂತ ಬೇರುಗಳೇ ಹೆಚ್ಚಿದ್ದವು.

ಅಜ್ಜ ಹೋಗಿ ಬಹಳ ವರ್ಷಗಳಾದವು. ಅಜ್ಜಿಯೂ ಇಲ್ಲ. ಅಜ್ಜಿ ಆ ವಿಷಯ ಎತ್ತಿದ್ದನ್ನು ನಾನು ಕೇಳಿಲ್ಲ. ನಾನು ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೆ ಮುಂಗಾರಿನ ಹೊತ್ತಿಗೆ ಆ ಕಡೆಯ ವಜ್ರದ ಸುದ್ದಿ ಬರೆಯುವುದು ನನ್ನ ಪಾಲಿಗೇ ಬಂತು. ಕಳೆದ ಮುಂಗಾರಿಗೂ ಹೋಗಿದ್ದೆ. ಜೀಪುಗಳ ಜಾಗದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಹೊಲಗಳಿಗೆ ತಂತಿಬೇಲಿ, ಒಳಗೆ ಬರಬಾರದೆಂಬ ಬೋರ್ಡು. ಟ್ರ್ಯಾಕ್ಟರ್ ಒಂದೇ ಬೆಳಗ್ಗೆ ಊರಿನ ಅರ್ಧ ಬಿತ್ತಿ ಮುಗಿಸುತ್ತದೆ. ಯಾವ ಮೂಲೆಯಿಂದ ಹಿಡಿಯಬೇಕೆಂದು ಚಾಲಕ ಕೇಳುವುದಿಲ್ಲ. ಬೇವಿನ ಟೊಂಗೆಯ ಅರ್ಥ ಅಲ್ಲಿನ ಹುಡುಗರಿಗೆ ಗೊತ್ತಿಲ್ಲ. ಗುಡ್ಡದ ಬುಡದ ಸುಣ್ಣ ಬಳಿದ ಕಲ್ಲಿನ ಸಾಲು ದಾಟಿ ಜನ ಮೇಲೆಲ್ಲ ಹಾರೆ ಹಾಕಿದ್ದರು.

ಈರಣ್ಣ ಮಾವ ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಬಳ್ಳಾರಿಯಿಂದ ಬಂದ ನಾಲ್ಕು ಯುವಕರಿಗೆ ಆ ಮೂಲೆ ತೋರಿಸಿ ಹೇಳುತ್ತಿದ್ದ: ನಮ್ಮಪ್ಪನ ಕಾಲದಲ್ಲಿ ಅಲ್ಲಿ ಸಿಕ್ಕಿತ್ತು, ಒಬ್ಬ ಕುರಿಯವಳು ಬಚ್ಚಿಟ್ಟುಕೊಂಡು ಓಡಿದಳು, ಇಲ್ಲದಿದ್ದರೆ ಈ ಹೊತ್ತಿಗೆ ನಾವು ಎಲ್ಲಿರುತ್ತಿದ್ದೆವೋ. ಹೇಳುವಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಬಗೆಯ ಹೆಮ್ಮೆಯಿತ್ತು. ಯುವಕರು ಆ ಕಡೆ ಹೋದ ಮೇಲೆ ನಾನು ಹೇಳಿದೆ. ಆ ಸಂಜೆ ಅಜ್ಜ ಮೂಲೆ ಬಿಟ್ಟದ್ದು, ಮಳೆಯಲ್ಲಿ ಅವಳ ಬರಿ ಅಂಗೈ ನಾನು ಕಂಡದ್ದು, ರೈಲಿನಲ್ಲಿ ಅಜ್ಜ ಹೇಳಿದ್ದು, ಎಲ್ಲ.

ಮಾವ ಕೊನೆತನಕ ಕೇಳಿದ. ಬೀಡಿ ಆರಿಸಿದ.

"ಇರ್ಲಿ ಬಿಡವ್ವಾ," ಎಂದ. "ಸಿಕ್ಕಿಲ್ಲ ಅಂದ್ರ ಈ ಹೊಲಕ್ಕ ಯಾರು ಬರ್ತಾರ?"

ಅಲ್ಲಿಂದ ನಾನು ನೇರವಾಗಿ ಹುಲಿಗೆಮ್ಮನ ಊರಿಗೆ ಹೋದೆ. ಶೇರ್ ಆಟೋದಲ್ಲಿ ಎರಡು ಕಡೆ ಇಳಿದು ಹತ್ತಬೇಕಾಯಿತು. ಅವಳ ಎದುರು ಕೂತು ನಮ್ಮ ಮನೆಯ ಪರವಾಗಿ ಕ್ಷಮೆ ಕೇಳಬೇಕು, ಅವಳಿಲ್ಲದಿದ್ದರೆ ಅವಳ ಮಕ್ಕಳೆದುರು ಕೇಳಬೇಕು ಎಂದು ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅವಳಿರಲಿಲ್ಲ. ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಗ ಮನೆಯಲ್ಲಿದ್ದ. ನನಗಿಂತ ತುಸು ದೊಡ್ಡವನು, ಹಟ್ಟಿಯಲ್ಲಿ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ಯಾರ ಮನೆಯವಳೆಂದು ಹೇಳಿದ ಕೂಡಲೇ ಮುಖ ಅರಳಿತು. ಹೆಂಡತಿಯನ್ನು ಕೂಗಿ ಮಜ್ಜಿಗೆ ತರಿಸಿದ.

"ನಮ್ಮವ್ವ ನಿಮ್ಮ ಮನಿ ಬಾಳ ನೆನಸ್ತಿದ್ಲು," ಎಂದ. "ಹುಣಸಿಮರ, ನಿಮ್ಮ ಅಜ್ಜಿ ರೊಟ್ಟಿ, ಎಲ್ಲಾ ಹೇಳ್ತಿದ್ಲು. ಅಂಥ ಮಂದಿ ಸಿಗೂದಿಲ್ಲ ಅಂತಿದ್ಲು."

ಆಮೇಲೆ ಯಾಕೆ ಬರುವುದನ್ನು ಬಿಟ್ಟಳು ಎಂದು ಕೇಳಿದೆ.

"ಮೊಣಕಾಲು ನೋವು ಅಂದ್ಲು. ಕುಕ್ಕರಗಾಲ್ಲೆ ಕುಂದ್ರಾಕ ಆಗೂದಿಲ್ಲ ಅಂದ್ಲು." ಕೈಯಲ್ಲಿದ್ದ ಸೊಪ್ಪು ಕಟ್ಟಿ ಮತ್ತೆ ಹೇಳಿದ. "ನಿಮ್ಮ ಅಜ್ಜ ಒಮ್ಮೆ ಇಲ್ಲಿಗೆ ಬಂದಿದ್ರು. ನಾ ಆಗ ಹುಡುಗ. ಇಲ್ಲೇ ಕುಂತು ಮಜ್ಜಿಗಿ ಕುಡದು ಹೋದ್ರು. ಗೊಬ್ಬರಕ್ಕ ಹೊಲದಾಗ ಕುರಿ ನಿಂದ್ರಸಾಕ ಕೇಳಾಕ ಬಂದಿದ್ರು ಅಂದ್ಲು ನಮ್ಮವ್ವ. ಆದ್ರ ಅದು ಕುರಿ ನಿಂದ್ರಸೋ ಕಾಲ ಅಲ್ಲ. ಬಿತ್ತಿಗಿ ಮುಗದಿತ್ತು. ಹಿರೇರಿಗೆ ಮರವು ಇರಬೇಕು ಅನ್ಕೊಂಡೆ."

ಅಜ್ಜ ಅಲ್ಲಿಗೆ ಹೋದದ್ದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರಿಬ್ಬರ ನಡುವೆ ಏನು ಮಾತಾಯಿತೋ, ಆಯಿತೋ ಇಲ್ಲವೋ, ಹೇಳುವವರು ಇಬ್ಬರೂ ಇಲ್ಲ. ನನಗೆ ಖಚಿತವಾಗಿ ತಿಳಿದದ್ದು ಒಂದೇ. ನಮ್ಮ ಅಂಗಳದಲ್ಲಿ ತನಗಾದದ್ದನ್ನು ಆಕೆ ತನ್ನ ಮಕ್ಕಳಿಗೆ ಕೊನೆತನಕ ಹೇಳಿರಲಿಲ್ಲ. ನಾವು ಅವಳ ಮಾನ ಉಳಿಸಲಿಲ್ಲ. ಅವಳು ನಮ್ಮ ಮನೆಯ ಮಾನವನ್ನು ತನ್ನ ಮನೆಯೊಳಗೆ ಉಳಿಸಿದ್ದಳು.

ಮಜ್ಜಿಗೆಯ ಲೋಟ ಕೈಯಲ್ಲಿ ಹಿಡಿದು ಕೂತಿದ್ದೆ. ಕ್ಷಮಿಸಿ ಎಂದರೆ ಯಾತಕ್ಕೆ ಎಂದು ಅವನು ಕೇಳುತ್ತಾನೆ. ಯಾತಕ್ಕೆ ಎಂದು ಹೇಳಿದರೆ, ಅವಳು ಜೀವಮಾನವಿಡೀ ಮಕ್ಕಳಿಂದ ಮುಚ್ಚಿಟ್ಟದ್ದನ್ನು ನಾನು ಬಿಚ್ಚಿದಂತೆ. ಈರಣ್ಣ ಮಾವನ ಬೇಲಿಯ ಬಳಿ ನಿಜಕ್ಕೆ ಬೆಲೆಯಿರಲಿಲ್ಲ. ಇಲ್ಲಿ ನಿಜ ಆಡಲು ನನಗೆ ಹಕ್ಕಿರಲಿಲ್ಲ. ಅಜ್ಜನೂ ಇದೇ ಜಾಗದಲ್ಲಿ ಹೀಗೇ ಕೂತು ಎದ್ದು ಹೋಗಿರಬೇಕು. ಮಜ್ಜಿಗೆ ಕುಡಿದೆ. ಮಕ್ಕಳ ಓದು, ಮಳೆ, ಕುರಿಗಳಿಗೆ ಬಂದ ರೋಗ ಮಾತಾಡಿ ಎದ್ದೆ. ಅವನು ಆಟೋದವರೆಗೆ ಬಂದು, ಮತ್ತೆ ಬರಬೇಕೆಂದು ಹೇಳಿ ಬೀಳ್ಕೊಟ್ಟ.

ಈ ಬರಹ ಓದುವ ಹಲವರ ನೆನಪಿನಲ್ಲಿ ಇಂಥ ಹೊಲಗಳಿರಬಹುದು. ಅಪರಿಚಿತರು ಬಂದು ನಮ್ಮ ಮಣ್ಣಿನಲ್ಲಿ ಕೂರುತ್ತಿದ್ದರು, ನಾವು ನೀರು ಕೊಡುತ್ತಿದ್ದೆವು, ಒಂದು ಟೊಂಗೆ ಕಟ್ಟಿದರೆ ಎದ್ದು ಹೋಗುತ್ತಿದ್ದರು. ಅದು ಹೋದದ್ದು ತಂತಿಬೇಲಿ ಬಂದ ಮೇಲೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಸುದ್ದಿಯಲ್ಲಿ ಹಾಗೆಯೇ ಬರೆದಿದ್ದೇನೆ. ನಮ್ಮ ಹೊಲದ ಮಟ್ಟಿಗೆ ಅದು ಬೇಲಿಗಿಂತ ಎಷ್ಟೋ ಮೊದಲು, ಒಂದು ಮಧ್ಯಾಹ್ನ, ಪಡಸಾಲೆಯಲ್ಲಿ ಹೋಯಿತು.

ಇನ್ನೊಂದು ಮಾತು ತಿಳಿಸಬೇಕು. ಇಷ್ಟು ವರ್ಷದ ಕೆಲಸದಲ್ಲಿ ನಾನು ಹೆಸರು ಬದಲಿಸಿ ಬರೆದವಳಲ್ಲ. ಇಲ್ಲಿ ಬದಲಿಸಿದ್ದೇನೆ. ಆಕೆಯ ಹೆಸರು ಹುಲಿಗೆಮ್ಮ ಅಲ್ಲ, ಊರೂ ಚಿಪ್ಪಗಿರಿಯ ಕಡೆಯದಲ್ಲ. ಗುರುತು ಕೊಡುವ ಬೇರೆ ವಿವರಗಳನ್ನೂ ಬದಲಿಸಿದ್ದೇನೆ. ಆಕೆಯ ಮಗ ಇದನ್ನು ಓದಿದರೂ ಅದು ತನ್ನ ತಾಯಿಯೆಂದು ತಿಳಿಯಬಾರದು. ಹುಡುಕುವವರೆಲ್ಲ ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ಕರೆಯುತ್ತಿದ್ದ ಆ ಹೆಸರನ್ನು, ಆಕೆ ಕದ್ದಿಲ್ಲ ಎಂದು ಹೇಳುವ ಈ ಒಂದು ಜಾಗದಲ್ಲೂ ನಾನು ಬರೆಯಲಾರೆ. ನಮ್ಮ ಮನೆ ಆಕೆಯಿಂದ ತೆಗೆದುಕೊಂಡದ್ದರಲ್ಲಿ ಇದೂ ಸೇರಿತು.